ಫೋನ್ ಎತ್ತದ ಗಿರಾಕಿ

ಕಿವಿಯ ಯಂತ್ರ ಮಾರುವ ದುಕಾನಿಗೆ ಕೆಲಸಕ್ಕೆ ಸೇರಿದಾಗ ನನಗೆ ಕಿವಿಯ ಬಗ್ಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಫೋನಿನ ಬಗ್ಗೆ. ಅದಕ್ಕೂ ಮೊದಲು ಸಿಂಧನೂರಿನಲ್ಲೇ ಒಂದು ಸೀರೆ ಅಂಗಡಿಗೆ, ಆಮೇಲೆ ಒಂದು ಟ್ಯೂಷನ್ ಕ್ಲಾಸಿಗೆ ಆನ್‌ಲೈನ್ ಜಾಹೀರಾತು ಮಾಡಿಕೊಟ್ಟಿದ್ದೆ. ಚಿತ್ರ ಹಾಕುವುದು, ಕೆಳಗೆ ಸೆಳೆಯುವಂಥ ಎರಡು ಸಾಲು ಬರೆಯುವುದು, ಜಾಹೀರಾತು ಒತ್ತಿ ನಂಬರು ಕೊಟ್ಟವರಿಗೆ ಫೋನು ಮಾಡಿ ಅಂಗಡಿಗೆ ಕರೆಸುವುದು, ಇಷ್ಟು ನನ್ನ ಕಸುಬು. ಗೊರೇಬಾಳದಿಂದ ದಿನಾ ಬೆಳಿಗ್ಗೆ ಸ್ಕೂಟಿಯ ಮೇಲೆ ಬರುತ್ತಿದ್ದೆ. ದಾರಿಯ ಎರಡೂ ಬದಿ ಭತ್ತದ ಗದ್ದೆ, ನೋಡುವ ಫುರ್ಸತ್ತು ಇಲ್ಲ. ಡಿಕ್ಕಿಯಲ್ಲಿಟ್ಟ ಫೋನು ಸದ್ದು ಮಾಡಿದಂತಾಗಿ ಎಷ್ಟೋ ಸಲ ಗಾಡಿ ಪಕ್ಕಕ್ಕೆ ಹಾಕಿ ತೆಗೆದು ನೋಡಿದ್ದೇನೆ. ಬಹಳಷ್ಟು ಸಲ ಏನೂ ಬಂದಿರುತ್ತಿರಲಿಲ್ಲ.

ದುಕಾನಿನ ಮಾಲೀಕರು ಕೆಟ್ಟ ಮನುಷ್ಯರಲ್ಲ. ಮೊದಲು ಅವರದು ಮೊಬೈಲ್ ಅಂಗಡಿ. ತಾಯಿಯ ಕಿವಿ ಮಂದವಾದಾಗ ಯಂತ್ರಕ್ಕಾಗಿ ದೊಡ್ಡ ಊರುಗಳಿಗೆ ಅಲೆದು ಬೇಸತ್ತು, ನಮ್ಮ ಊರಲ್ಲೇ ಇರಲಿ ಎಂದು ಇದನ್ನು ತೆರೆದಿದ್ದರು. ಕಿವಿ ಪರೀಕ್ಷೆ ಮಾಡುವ ತಜ್ಞೆ ವಾರಕ್ಕೊಮ್ಮೆ ರಾಯಚೂರಿನಿಂದ ಬರುತ್ತಿದ್ದರು. ಉಳಿದ ದಿನ ಮಾಲೀಕರು ಮತ್ತು ನಾನು ಇಬ್ಬರೇ. ಬಾಡಿಗೆಯ ಚಿಂತೆಯಲ್ಲಿ ಅವರು ಫೋನಿನಲ್ಲಿ ಯಾವನೋ ವ್ಯಾಪಾರದ ಗುರುವಿನ ಪಾಠ ನೋಡಲು ಶುರುಮಾಡಿದ್ದರು. ಗಿರಾಕಿಗೆ ಯೋಚಿಸಲು ಸಮಯ ಕೊಟ್ಟರೆ ಗಿರಾಕಿ ಹೋದ ಹಾಗೆಯೇ ಎನ್ನುವುದು ಆ ಗುರುವಿನ ಮೊದಲ ಪಾಠ. ಹಾಗಾಗಿ ನಮ್ಮ ಪೇಜಿನ ಮೇಲೆ ಕೆಂಪು ಗಡಿಯಾರವೊಂದು ಬಂತು. "ಇಂದೇ ಕೊನೆಯ ದಿನ" ಎಂದು ಅದರ ಕೆಳಗೆ ನಾನೇ ಬರೆದೆ. ಮರುದಿನವೂ ಅದೇ ಗಡಿಯಾರ, ಅದೇ ಕೊನೆಯ ದಿನ.

ನಮ್ಮವ್ವನಿಗೆ ಓದಲು ಬರುತ್ತದೆ. ನನ್ನ ಫೋನಿನಲ್ಲಿ ಅದನ್ನು ನೋಡಿ ಒಂದು ದಿನ ಕೇಳಿದಳು, "ನಿಮ್ಮ ದುಕಾನದ ಕಡೀ ದಿನ ಮುಗಿಯಂಗೇ ಇಲ್ಲೇನಬೇ? ಯುಗಾದಿಗೂ ಕಡೀ ದಿನ ಅಂದ್ರಿ, ಪಂಚಮಿಗೂ ಕಡೀ ದಿನ ಅಂತೀರಿ."

"ಜಾಹೀರಾತಂದ್ರ ಹಂಗ ಇರತೈತಬೇ."

"ಇರಲಿ. ನೀ ಕುಂತು ಉಣ್ಣು ಮೊದಲ. ನಿಂತಕೊಂಡು ಉಣ್ಣಾದು ಯಾವಾಗ ಕಲ್ತಿ?"

ಯಾವಾಗ ಕಲಿತೆನೋ ಗೊತ್ತಿಲ್ಲ. ಕೂತರೆ ಕಾಲು ತಾನಾಗಿ ಅಲುಗಾಡುತ್ತಿತ್ತು. ಮೆಸೇಜು ಕಳಿಸಿದ ಮೇಲೆ ಆ ಎರಡು ಗೀಟು ನೀಲಿಯಾಗುವ ತನಕ ಕೈಯಲ್ಲಿ ಹಿಡಿದ ರೊಟ್ಟಿ ಬಾಯಿಗೆ ಹೋಗುತ್ತಿರಲಿಲ್ಲ. ನೀಲಿಯಾಗಿಯೂ ಉತ್ತರ ಬಾರದಿದ್ದರೆ ಅದು ಇನ್ನೊಂದು ಸಂಕಟ.

ಫೋನಿನಲ್ಲಿ ಏನು ಮಾತಾಡಬೇಕೆಂದು ಮಾಲೀಕರು ಹೇಳಿಕೊಟ್ಟಿದ್ದರು. ಮನೆಯಲ್ಲಿ ಕೇಳಿ ಹೇಳ್ತೀವಿ ಅಂದರೆ, ಅಷ್ಟರೊಳಗೆ ಕಿವಿ ಇನ್ನೂ ಕೆಟ್ಟರೆ ಯಾರು ಹೊಣೆ ಎಂದು ಕೇಳಬೇಕು. ಆಮೇಲೆ ನೋಡೋಣ ಅಂದರೆ, ಸಂಜೆಯ ತನಕ ಮಾತ್ರ ಈ ರಿಯಾಯಿತಿ ಎನ್ನಬೇಕು. ಒಂದು ಮಧ್ಯಾಹ್ನ ಮಸ್ಕಿ ಕಡೆಯ ಹಳ್ಳಿಯ ಒಂದು ನಂಬರಿಗೆ ಫೋನು ಹಚ್ಚಿದೆ. ಸೊಸೆ ಎತ್ತಿದಳು. "ನಮ್ಮ ಮಾವಗ ರೀ. ಅವರ ಕೂಡನ ಮಾತಾಡ್ರಿ" ಎಂದು ಸ್ಪೀಕರ್ ಹಾಕಿ ಮುದುಕರ ಹತ್ತಿರ ಹಿಡಿದಳೆಂದು ಕಾಣುತ್ತದೆ. ನಾನು ಬಾಯಿಪಾಠ ಶುರುಮಾಡಿದೆ. ಆ ಕಡೆಯಿಂದ "ಯಾರ್ರಿ? ಯಾರು?" ಎಂಬ ದನಿ. ನಾನು ಜೋರಾಗಿ ಹೇಳಿದೆ. "ಯಾರಂತಬೇ, ನನಗ ಗೊತ್ತಾಗವಲ್ದು" ಎಂದು ಅವರು ಸೊಸೆಯನ್ನು ಕೇಳುವುದು ಕೇಳಿಸಿತು. ಇವತ್ತೇ ಕೊನೆಯ ದಿನ ಎಂದು ನಾನು ಇನ್ನೂ ಜೋರಾಗಿ ಕೂಗಿದೆ. ಕಿವಿ ಕೇಳದ ಮನುಷ್ಯನಿಗೆ ಫೋನಿನಲ್ಲಿ ಅವಸರ ಮಾಡುತ್ತಿದ್ದೇನೆ ಎನ್ನುವುದು ಆ ಕ್ಷಣಕ್ಕೆ ಹೊಳೆಯಿತು. ಪಕ್ಕದ ಕನ್ನಡಕದ ಅಂಗಡಿಯವರು ಬಾಗಿಲಿಗೆ ಬಂದು ಇಣುಕಿ ನೋಡುತ್ತಿದ್ದರು. ಸೊಸೆಗೆ, "ಇರಲಿ ಬಿಡ್ರಿ ಅಕ್ಕಾ, ಅವರಿಗೆ ದಣಿವು ಮಾಡಬ್ಯಾಡ್ರಿ" ಎಂದು ಹೇಳಿ ಫೋನು ಇಟ್ಟೆ. ಅಂದು ಮತ್ತೆ ಯಾರಿಗೂ ಹಚ್ಚಲು ಮನಸ್ಸಾಗಲಿಲ್ಲ. ಕಪಾಟಿನ ಗಾಜು ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಆ ದಿನಗಳಲ್ಲೇ ಲಿಂಗಸುಗೂರಿನ ಒಬ್ಬ ಹೆಣ್ಣುಮಗಳ ನಂಬರು ಬಂತು. ಯಾರಿಗೆ ಎನ್ನುವ ಜಾಗದಲ್ಲಿ "ತಂದೆಗೆ" ಎಂದು ತುಂಬಿದ್ದರು. ಎಷ್ಟು ಸಲ ಹಚ್ಚಿದರೂ ಫೋನು ಎತ್ತಲಿಲ್ಲ. ಆದರೆ ಮೆಸೇಜು ಹಾಕಿದರೆ ಒಡನೆ ಉತ್ತರ. ಅಚ್ಚುಕಟ್ಟಾದ ಕನ್ನಡ, ಒಂದೂ ಕಾಗುಣಿತದ ತಪ್ಪಿಲ್ಲ. ನಾನು ಫೋನು ಮಾಡುವುದನ್ನು ಬಿಟ್ಟು, "ತಂದೆಯವರಿಗೆ ಯಾವ ದನಿ ಕೇಳಿಸುತ್ತದೆ, ಯಾವುದು ಕೇಳಿಸುವುದಿಲ್ಲ?" ಎಂದು ಬರೆದೆ. ಸಂಜೆ ಉದ್ದನೆಯ ಉತ್ತರ ಬಂತು. ಗಂಡಸರ ಮಾತು ಕೇಳಿಸುತ್ತದೆ, ಚಿಕ್ಕ ಮಕ್ಕಳದು ಕೇಳಿಸುವುದಿಲ್ಲ. ಎದುರಿಗೆ ನಿಂತವರ ಮಾತು ತಿಳಿಯುತ್ತದೆ, ಬೆನ್ನ ಹಿಂದಿನಿಂದ ಕರೆದರೆ ತಿಳಿಯುವುದಿಲ್ಲ. ಫ್ಯಾನು ತಿರುಗುತ್ತಿದ್ದರೆ ಎಲ್ಲಾ ಕಲಸಿಹೋಗುತ್ತದೆ. ಓದುತ್ತಾ ಹೋದಂತೆ, ಇಷ್ಟು ಒಳಗಿನಿಂದ ಬಲ್ಲ ಮಗಳು ಅಪರೂಪ ಅನಿಸಿತು. ನಮ್ಮಪ್ಪನ ಮೊಣಕಾಲು ಯಾವ ಹೊತ್ತಿಗೆ ನೋಯುತ್ತದೆಂದು ನನ್ನನ್ನು ಕೇಳಿದರೆ ನಾನು ಹೇಳಲಾರೆ. ಅನುಮಾನ ಬಂತು. ಕೇಳಲಿಲ್ಲ. ಅವರು ತಂದೆ ಎಂದರು, ನಾನೂ ತಂದೆಯವರು ಎಂದೇ ಬರೆಯುತ್ತಿದ್ದೆ. ಹೀಗೆ ಕೆಲವು ದಿನ ನಡೆಯಿತು. ಯಂತ್ರದ ಮಾತು ಕಡಿಮೆ. ಊಟದ ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರೆ ತಂದೆಯವರು ಸುಮ್ಮನೆ ನಗುತ್ತಾರೆ, ಯಾವುದಕ್ಕೆ ನಕ್ಕೆನೆಂದು ಅವರಿಗೇ ಗೊತ್ತಿರುವುದಿಲ್ಲ ಎಂದು ಒಮ್ಮೆ ಬರೆದರು.

ಮಾಲೀಕರು ತಿಂಗಳ ಕೊನೆಯಲ್ಲಿ ಈ ಮೆಸೇಜುಗಳನ್ನು ನೋಡಿದರು.

"ಇದೇನು ತಂಗಿ, ಬೀಗರ ಕೂಡ ಮಾತಾಡಿದಂಗ ಮಾತಾಡೀದಿ. ರೇಟು ಹೇಳಿಲ್ಲ, ಬರ್ರಿ ಅಂದಿಲ್ಲ."

"ಬರ್ತಾರಣ್ಣಾರ. ಈಗ ಜಲ್ದಿ ಮಾಡಿದ್ರ ಹೋಗಿಬಿಡ್ತಾರ."

"ಇಷ್ಟು ಕೇಳಾಕತ್ತಾರಂದ್ರ ತಗೊಳ್ಳಾವರ. ಒಂದೀಟು ದೂಡಬೇಕು ಅಷ್ಟ."

ಮರುದಿನ ನಾನು ಬರುವ ಮೊದಲೇ ಅವರು ದುಕಾನಿನ ಫೋನಿನಿಂದ ಆ ನಂಬರಿಗೆ ಒಂದರ ಹಿಂದೊಂದು ಕರೆ ಮಾಡಿದ್ದರು. ಎತ್ತದಿದ್ದಾಗ "ಕೊನೆಯ ಅವಕಾಶ, ತಂದೆಯ ಕಿವಿಗಿಂತ ಹಣ ದೊಡ್ಡದೇ?" ಎಂದು ಮೆಸೇಜು ಹಾಕಿದ್ದರು. ಅದು ಆ ಗುರುವಿನ ಪಾಠದ್ದೇ ಸಾಲು. ನಾನು ಬಂದು ನೋಡುವ ಹೊತ್ತಿಗೆ ಆ ನಂಬರಿನ ಪಟ ಮಾಯವಾಗಿತ್ತು. ನನ್ನ ಮೆಸೇಜೂ ಹೋಗಲಿಲ್ಲ. ನಮ್ಮನ್ನು ಬ್ಲಾಕ್ ಮಾಡಿದ್ದರು.

ನನ್ನ ಸ್ವಂತ ಫೋನಿನಿಂದ ಬರೆಯಬಹುದಿತ್ತು. ನಂಬರು ನೆನಪಿನಲ್ಲೇ ಇತ್ತು. ಬಾಗಿಲು ಹಾಕಿಕೊಂಡವರ ಮನೆಯ ಕಿಟಕಿ ಬಡಿದಂತಾಗುತ್ತದೆ ಎಂದು ಬಿಟ್ಟೆ. ಆದರೆ ಮನಸ್ಸು ನಿಲ್ಲಲಿಲ್ಲ. ಸ್ಕೂಟಿ ಓಡಿಸುವಾಗ, ಅವ್ವನ ಜೊತೆ ಕೂತಾಗ, ಆ ವಾಕ್ಯವೇ ನೆನಪಾಗುತ್ತಿತ್ತು: ಯಾವುದಕ್ಕೆ ನಕ್ಕೆನೆಂದು ಅವರಿಗೇ ಗೊತ್ತಿರುವುದಿಲ್ಲ.

ಆ ಚಡಪಡಿಕೆಯಲ್ಲೇ ಒಂದು ವಿಡಿಯೋ ಮಾಡಿದೆ. ಮಾಲೀಕರು ಗಂಗಾವತಿಗೆ ಹೋಗಿದ್ದರು, ದುಕಾನು ಖಾಲಿ. ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತು, ನಮ್ಮ ಮಾತಿನಲ್ಲೇ ಹೇಳಿದೆ: ಮನೆಯಲ್ಲಿ ಕಿವಿ ಮಂದ ಇದ್ದವರ ಜೊತೆ ಮಾತಾಡುವಾಗ ಕೂಗಬೇಡಿ, ಎದುರಿಗೆ ಬಂದು ತುಟಿ ಕಾಣುವಂತೆ ಸಾವಕಾಶ ಮಾತಾಡಿ. ತಿಳಿಯಲಿಲ್ಲ ಅಂದರೆ "ಹೋಗ್ಲಿ ಬಿಡು" ಅನ್ನಬೇಡಿ, ಆ ಮಾತು ಅವರ ಮನಸ್ಸಿಗೆ ಬಹಳ ಹತ್ತುತ್ತದೆ. ಇಷ್ಟೇ. ಯಂತ್ರದ ಹೆಸರಿಲ್ಲ, ಗಡಿಯಾರವಿಲ್ಲ. ಇದನ್ನು ನನಗೆ ಕಲಿಸಿದ್ದು ಪರೀಕ್ಷೆ ಮಾಡುವ ತಜ್ಞೆ ಮತ್ತು ಲಿಂಗಸುಗೂರಿನ ಆ ಮೆಸೇಜುಗಳು. ಹಾಕಿದ ಮೇಲೆ ಮತ್ತೆ ಮತ್ತೆ ತೆಗೆದು ನೋಡಿದೆ. ನೋಡಿದವರು ಕಡಿಮೆ. ಮಾಲೀಕರು ಬಂದು, "ಇದರಾಗ ನಮ್ಮ ದುಕಾನ ಎಲ್ಲೈತಿ?" ಎಂದರು. ಆದರೂ ತೆಗೆಸಲಿಲ್ಲ. ಮುಂದಿನ ವಾರ ಇನ್ನೊಂದು ಮಾಡಿದೆ, ಕಿವಿಯಲ್ಲಿ ಎಣ್ಣೆ ಬಿಡುವುದರ ಬಗ್ಗೆ. ಅದರ ಮುಂದೆ ಮತ್ತೊಂದು.

ಮೂರನೆಯದನ್ನು ಹಾಕಿದ ಮೇಲೆ ಪೇಜಿಗೆ ಒಂದು ಖಾಸಗಿ ಮೆಸೇಜು ಬಂತು. "ನನ್ನ ಜೊತೆ ಬರೆಯುತ್ತಿದ್ದವರು ನೀವೇ ಅಲ್ಲವಾ? ಆಮೇಲೆ ಬರೆದವರು ಬೇರೆ, ಗೊತ್ತಾಯಿತು."

ಎದ್ದು ನಿಂತುಬಿಟ್ಟೆ. ಉತ್ತರ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಕಳಿಸಿದ್ದು, "ಹೌದು. ಅವತ್ತಿನ ಮೆಸೇಜಿನಿಂದ ನಿಮಗೆ ನೋವಾಗಿದೆ. ತಂದೆಯವರು ಹೇಗಿದ್ದಾರೆ?"

ಬಹಳ ಹೊತ್ತಿನ ಮೇಲೆ ಬಂತು: "ಒಮ್ಮೆ ಭೇಟಿಯಾಗಬೇಕು. ಸಿಂಧನೂರು ಬೇಡ, ಲಿಂಗಸುಗೂರೂ ಬೇಡ."

ಎರಡೂ ಊರಿನ ನಡುವೆ ಮಸ್ಕಿ ಇದೆ. ಒಂದು ಭಾನುವಾರ ನಾನು ಈ ಕಡೆಯಿಂದ ಬಸ್ ಹಿಡಿದೆ, ಆಕೆ ಆ ಕಡೆಯಿಂದ. ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಗದ್ದಲವೋ ಗದ್ದಲ. ಆಕೆ ನನಗಿಂತ ಸ್ವಲ್ಪ ದೊಡ್ಡವರು, ಹತ್ತಿ ಸೀರೆ, ಭುಜಕ್ಕೊಂದು ಚೀಲ. ಖಾಲಿ ಇದ್ದ ಟೇಬಲ್ ಬಿಟ್ಟು ಮೂಲೆಯದಕ್ಕೆ ಕಾದು ನಿಂತು, ಗೋಡೆಗೆ ಬೆನ್ನು ಮಾಡಿ ಕೂತರು. ನನ್ನನ್ನು ಬೆಳಕು ಬೀಳುವ ಕಡೆ ಕೂರಿಸಿದರು. ಮಂಡಾಳು ಒಗ್ಗರಣೆ, ಮಿರ್ಚಿ ಬಜ್ಜಿಯ ತಟ್ಟೆಗಳು ಬಂದವು. ನಾನು ಮಾತಾಡುವಾಗ ಆಕೆ ನನ್ನ ಕಣ್ಣು ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದರು. ನನ್ನ ಮಾತೋ ಯಾವಾಗಲೂ ಓಡುವ ಮಾತು. ಒಂದೆರಡು ಸಲ ಕೈ ಎತ್ತಿ, "ಸಾವಕಾಶ ರೀ" ಎಂದರು. ಆಮೇಲೆ ಮಿರ್ಚಿಯ ತುದಿ ಮುರಿಯುತ್ತಾ ಹೇಳಿದರು, "ಅಪ್ಪಗಲ್ಲ ರೀ. ನನಗ."

"ಗೊತ್ತಿತ್ರಿ" ಎಂದೆ.

"ಯಾವಾಗಿಂದ?"

"ಮಕ್ಕಳ ದನಿ ಕೇಳಸಂಗಿಲ್ಲ ಅಂತ ಬರದಿದ್ರಲ್ರಿ, ಅವತ್ತಿಂದ."

"ಮತ್ತ ಯಾಕ ಕೇಳಲಿಲ್ಲ?"

"ನೀವ ಹೇಳ್ತೀರಂತ."

ಆಕೆ ಒಂದನೇ ತರಗತಿಗೆ ಪಾಠ ಮಾಡುವ ಟೀಚರು. ಎಲ್ಲರೂ ಮಾಸ್ಕ್ ಹಾಕಿಕೊಂಡ ಕಾಲದಲ್ಲಿ ಮೊದಲ ಸಲ ಗೊತ್ತಾಯಿತಂತೆ. ತುಟಿಗಳು ಮುಚ್ಚಿದ ಕೂಡಲೇ ಜಗತ್ತೇ ಮಾತು ನಿಲ್ಲಿಸಿದ ಹಾಗಾಯಿತು. ಅಲ್ಲಿಯ ತನಕ ತಾನು ಕೇಳುತ್ತಿದ್ದೇನೆ ಎಂದುಕೊಂಡದ್ದೆಲ್ಲ ನೋಡುತ್ತಿದ್ದದ್ದು. ಮಾಸ್ಕ್ ಹೋದ ಮೇಲೆ ಮತ್ತೆ ನಡೆಸಿಕೊಂಡು ಹೋದರು. ಒಂದು ದಿನ ಬೋರ್ಡಿನ ಕಡೆ ಮುಖ ಮಾಡಿ ಬರೆಯುವಾಗ ಒಂದು ಹುಡುಗಿ ಹಿಂದೆ ಬಂದು ನಿಂತು ಏನೋ ಕೇಳಿದ್ದಾಳೆ. ಇವರು ತಿರುಗಿ, ಅರ್ಥವಾಗದೆ, ಹೋಗಿ ಕೂಡು ಎಂದು ಕೈ ಮಾಡಿದ್ದಾರೆ. ಆ ಕೂಸು ಕೇಳಿದ್ದು ಹೊರಗೆ ಹೋಗಲಾ ಎಂದು. ಕೂತಲ್ಲೇ ಒದ್ದೆ ಮಾಡಿಕೊಂಡಿತು.

"ಉಳಿದ ಹುಡುಗ್ರು ನಗಾಕತ್ವು. ಆಕಿ ನನ್ನ ಕಡೆ ನೋಡಿದಳಲ್ರಿ, ಕೇಳಿದ್ನಲ್ಲ ಟೀಚರ್ ಅನ್ನಂಗ. ಅವತ್ತ ಮನಿಗೆ ಹೋಗಿ ನಿಮ್ಮ ಜಾಹೀರಾತು ಒತ್ತಿದೆ. ನನ್ನ ಹೆಸರು ಹಾಕಾಕ ಧೈರ್ಯ ಆಗಲಿಲ್ಲ."

ಅವರ ಮನೆಯಲ್ಲಿ ಸರ್ಕಾರಿ ನೌಕರಿ ಹಿಡಿದ ಮೊದಲ ಹೆಣ್ಣುಮಗಳು ಆಕೆ. ಕಿವುಡ ಟೀಚರ್ ಎಂದು ಹೆಸರು ಬಿದ್ದರೆ ಎನ್ನುವ ಅಂಜಿಕೆ. ನಮ್ಮ ದುಕಾನಿನ ಕರೆಗಳು ಒಂದರ ಹಿಂದೊಂದು ಬಂದದ್ದು ಸ್ಟಾಫ್ ರೂಮಿನಲ್ಲಿ, ಫೋನು ಮೇಜಿನ ಮೇಲಿದ್ದಾಗ. ಪಕ್ಕದ ಟೀಚರು ಪರದೆಯ ಮೇಲೆ ದುಕಾನಿನ ಹೆಸರು ಓದಿ, ಯಾರಿಗೆ ಇದು ಎಂದು ಕೇಳಿದ್ದರು. ಇವರು ಅಪ್ಪನಿಗೆ ಎಂದಿದ್ದರು. ಅಂದಿನಿಂದ ಆ ಟೀಚರು ಸಿಕ್ಕಾಗಲೆಲ್ಲ ಅಪ್ಪನ ಕಿವಿಯ ಆರೋಗ್ಯ ವಿಚಾರಿಸುತ್ತಾರಂತೆ. ಇದನ್ನು ಹೇಳುವಾಗ ಆಕೆಗೇ ನಗು ಬಂತು. ನನಗೆ ಬರಲಿಲ್ಲ.

ನಾನು ಆಕೆಗೆ ಯಂತ್ರ ತಗೊಳ್ಳಿ ಎನ್ನಲಿಲ್ಲ. "ಮೊದಲ ಕಿವಿ ಡಾಕ್ಟರಿಗೆ ತೋರಿಸ್ರಿ. ಒಮ್ಮೊಮ್ಮೆ ಔಷಧಕ್ಕ ಹೋಗ್ತೈತಂತ. ಯಂತ್ರ ಬೇಕ ಅಂದ್ರ ಪರೀಕ್ಷೆ ಆಗಲಿ. ಎಲ್ಲಿ ಬೇಕಲ್ಲಿ ತಗೊಳ್ರಿ, ನಮ್ಮಲ್ಲೇ ಆಗಬೇಕಂತಿಲ್ಲ" ಎಂದೆ. ಆಕೆ ನನ್ನ ತುಟಿಯನ್ನು ಬಹಳ ಹೊತ್ತು ನೋಡಿದರು, ತಪ್ಪು ಕೇಳಿಸಿಕೊಂಡೆನೇನೋ ಎನ್ನುವಂತೆ.

ಬಸ್ಸಿನಲ್ಲಿ ವಾಪಸ್ ಬರುವಾಗ ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಮಾಲೀಕರಿಗೆ ಏನು ಹೇಳುವುದು? ಮುಚ್ಚಿಟ್ಟು ಅಭ್ಯಾಸವಿಲ್ಲ. ಮರುದಿನ ಬೆಳಿಗ್ಗೆ, ಅವರು ಊದಿನಕಡ್ಡಿ ಹಚ್ಚಿ ಕೂತ ಮೇಲೆ, ಯಾರು, ಏನು ಎನ್ನುವುದನ್ನು ಬಿಟ್ಟು ಉಳಿದದ್ದನ್ನು ಹೇಳಿದೆ.

"ನೀ ದುಕಾನದ ಕೆಲಸ ಮಾಡಾಕತ್ತೀ ಏನು, ಧರ್ಮದ ಕೆಲಸ ಮಾಡಾಕತ್ತೀ?" ಎಂದರು. ದನಿ ಏರಿತ್ತು. "ಬಂದ ಗಿರಾಕಿನ ನೀನ ಹೊರಗ ದಾರಿ ತೋರಿಸಿದ್ರ ನಾ ಬಾಗಿಲು ಹಾಕಬೇಕಾಗ್ತೈತಿ ನೋಡು."

ನನಗೂ ಸಿಟ್ಟು ಬಂದಿತ್ತು. "ಅಣ್ಣಾರ, ನಿಮ್ಮ ಅವ್ವಾರಿಗೆ ಯಂತ್ರ ತರಾಕ ಹೋದಾಗ ನಿಮಗ ಯಾರರ ಹಿಂಗ ಇವತ್ತ ಕಡೀ ದಿನ ಅಂದಿದ್ರೇನ್ರಿ?"

ಅವರು ಕಪಾಟಿನ ಬೀಗ ತೆಗೆದು ಒಂದು ಯಂತ್ರ ಹೊರಗಿಟ್ಟು, ಮತ್ತೆ ಒಳಗಿಟ್ಟರು. ಆಮೇಲೆ ಬೇರೆ ಕಡೆ ನೋಡುತ್ತಾ, "ಅಂದಿದ್ರು" ಎಂದರು. "ಅದಕ್ಕ ಅವತ್ತ ತಗೊಂಡೆ. ಅವ್ವ ಸ್ವಲ್ಪ ದಿನ ಹಾಕ್ಕೊಂಡಳು. ತಲ್ಯಾಗ ಗುಂಯ್ ಅಂತೈತಿ ಅಂತ ತೆಗೆದು ಪೆಟ್ಟಿಗ್ಯಾಗ ಇಟ್ಟಳು. ತೀರಿಕೊಳ್ಳೋ ತನಕ ಮತ್ತ ಹಾಕ್ಕೊಳ್ಳಲಿಲ್ಲ. ನಾನೂ ಬಾ, ಕೇಳೋಣ, ಸರಿ ಮಾಡಸೋಣ ಅಂತ ಕರ್ಕೊಂಡು ಹೋಗಲಿಲ್ಲ. ಆ ಮಾರಿದವರ ಮುಖ ಮತ್ತ ನೋಡಾಕ ಮನಸಿರಲಿಲ್ಲ."

ಆ ದಿನ ಸಂಜೆ ಹೋಗುವಾಗ, "ಆ ಗಡಿಯಾರ ಸ್ವಲ್ಪ ದಿನ ತೆಗಿ, ನೋಡೋಣ" ಎಂದರು. ತೆಗೆದೆ. ಮನುಷ್ಯ ಒಂದೇ ಸಲಕ್ಕೆ ಬದಲಾಗುವುದಿಲ್ಲ. ದೀಪಾವಳಿಯ ಹೊತ್ತಿಗೆ ಅದನ್ನು ಮತ್ತೆ ಹಾಕಿಸಿದರು, ನಾನು ತಕರಾರು ಮಾಡಿದೆ, ಎರಡು ದಿನ ಇಟ್ಟು ತೆಗೆಸಿದರು. ದುಕಾನಿಗೆ ಬರುವವರು ಒಮ್ಮೆಲೇ ಹೆಚ್ಚಾದರು ಎಂದರೆ ಸುಳ್ಳಾಗುತ್ತದೆ. ಕೆಲವು ವಾರ ಯಾರೂ ಬರಲಿಲ್ಲ. ಬಂದವರು ಮಾತ್ರ ಕೂತು ಮಾತಾಡಿ ಹೋಗುತ್ತಿದ್ದರು. ಮಾಲೀಕರು ಗೋಡೆಗೆ ಒಂದು ಬೆಂಚು ತಂದು ಹಾಕಿದರು.

ಟೀಚರಿಂದ ಬಹಳ ದಿನ ಸುದ್ದಿಯೇ ಇಲ್ಲ. ಕೇಳಬಾರದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ದಿನಾ ಬೆಳಿಗ್ಗೆ ಪೇಜು ತೆರೆದು ಅವರ ಹೆಸರಿನ ಮೇಲೆ ಬೆರಳಿಟ್ಟು, ತೆಗೆದುಬಿಡುತ್ತಿದ್ದೆ. ತಜ್ಞೆ ಬರುವ ದಿನವೊಂದರಲ್ಲಿ ಗಾಜಿನ ಬಾಗಿಲು ತೆರೆದು ಟೀಚರೇ ಒಳಗೆ ಬಂದರು. ಕೈಯಲ್ಲಿ ಡಾಕ್ಟರ ಚೀಟಿ. ಔಷಧಕ್ಕೆ ಹೋಗುವುದಲ್ಲ, ಯಂತ್ರ ಬೇಕು ಎಂದಿದ್ದರು. ನನ್ನ ಕೈ ಹಿಡಿದು, "ನನ್ನ ಬಾಜೂಕ ಕೂಡ್ರಿ, ಅಷ್ಟ ಸಾಕು" ಎಂದರು.

ಪರೀಕ್ಷೆಯಾಯಿತು, ಯಂತ್ರ ಹಾಕಿದರು. ಬಾಗಿಲು ದಾಟಿದ ಕೂಡಲೇ ಆಟೋದ ಹಾರ್ನಿಗೆ ಬೆಚ್ಚಿ ಕಿವಿ ಮುಚ್ಚಿಕೊಂಡರು. ತಮ್ಮ ಚಪ್ಪಲಿಯ ಸದ್ದು ಇಷ್ಟು ಒರಟು ಎಂದು ಗೊತ್ತಿರಲಿಲ್ಲ ಎಂದರು. ಸರಿಯಾಗಿ ಒಂದು ವಾರಕ್ಕೆ ಡಬ್ಬಿ ಹಿಡಿದುಕೊಂಡು ಮತ್ತೆ ಬಂದರು. ಕಣ್ಣು ಕೆಂಪಾಗಿತ್ತು. "ನನಗ ಆಗಂಗಿಲ್ಲ ರೀ. ಕ್ಲಾಸಿನಾಗ ಬೆಂಚು ಎಳದ್ರ ತಲ್ಯಾಗ ಎಳದಂಗ ಆಗ್ತೈತಿ. ತಗೊಳ್ರಿ ಇದನ್ನ."

ನಾನು ಮಾಲೀಕರ ಕಡೆ ನೋಡಿದೆ. ಕೊಟ್ಟ ಮಾಲು ವಾಪಸ್ ತಗೊಳ್ಳುವುದು ಅವರಿಗೆ ಆಗದ ಮಾತು. ಅವರು ಎದ್ದು ಬಂದು, ಟೀಚರ ಎದುರಿಗೆ, ಮುಖ ಕಾಣುವಂತೆ ನಿಂತು, ಒಂದೊಂದೇ ಮಾತಾಗಿ ಹೇಳಿದರು, "ಬಿಟ್ಟು ಹೋಗ್ರಿ ಟೀಚರ್, ಅಭ್ಯಂತರ ಇಲ್ಲ. ಇಲ್ಲಾ, ಇವತ್ತು ತಜ್ಞರು ಅದಾರ, ಸದ್ದು ಸ್ವಲ್ಪ ಕಡಿಮೆ ಮಾಡಿ ಕೊಡ್ತಾರ. ಮನಿಯಾಗ ಮುಂಜಾನೆ ಒಂದೀಟು ಹೊತ್ತು ಹಾಕ್ಕೊಂಡು ನೋಡ್ರಿ. ಎರಡರಾಗ ಯಾವುದಾದ್ರೂ ಸರಿ. ನಿಮಗ ಹೆಂಗ ಅನಸ್ತೈತಿ ಹಂಗ."

ಟೀಚರು ಬೆಂಚಿನ ಮೇಲೆ ಕೂತರು. ಯಾರೂ ಅವಸರ ಮಾಡಲಿಲ್ಲ. ಹೊರಗೆ ಭತ್ತದ ಲಾರಿಗಳು ಒಂದರ ಹಿಂದೊಂದು ಹೋದವು. ಬಹಳ ಹೊತ್ತಿನ ಮೇಲೆ ಡಬ್ಬಿಯನ್ನು ತಾವೇ ತಜ್ಞೆಯ ಕೈಗೆ ಕೊಟ್ಟರು.

ಮೊದಲು ಅಡುಗೆಮನೆಯಲ್ಲಿ, ಆಮೇಲೆ ಅಂಗಳದಲ್ಲಿ, ಆಮೇಲೆ ಬಸ್ಸಿನಲ್ಲಿ, ಹೀಗೆ ಹೆಜ್ಜೆಹೆಜ್ಜೆಯಾಗಿ ಹಾಕಿಕೊಂಡು ನಡೆದರಂತೆ. ಪೂರ್ತಿ ಸರಿಹೋಗಿಲ್ಲ. ಮದುವೆ ಮನೆಯಲ್ಲಿ ಇವತ್ತಿಗೂ ತೆಗೆದು ಚೀಲದಲ್ಲಿಟ್ಟುಕೊಳ್ಳುತ್ತಾರೆ. ಮತ್ತೆ ಶಾಲೆಗೆ ಹಾಕಿಕೊಂಡು ಹೋದ ದಿನ ಸಂಜೆ ಅವರು ನನಗೆ ಫೋನು ಮಾಡಿದರು. ಮೆಸೇಜಲ್ಲ, ಫೋನು. ಆಕೆಯ ದನಿಯನ್ನು ಫೋನಿನಲ್ಲಿ ಕೇಳಿದ್ದು ಅದೇ ಮೊದಲು.

ಕಿವಿಯ ಮೇಲೆ ಕೂದಲು ಇಳಿಬಿಟ್ಟು ಮುಚ್ಚಿಕೊಳ್ಳಬೇಕೆಂದು ಹೋದವರು, ತರಗತಿಯಲ್ಲಿ ಅದ್ಯಾಕೋ ಕೂದಲು ಹಿಂದೆ ಸರಿಸಿ, ಇದು ಕಿವಿಯ ಕನ್ನಡಕ ಎಂದು ಮಕ್ಕಳಿಗೆ ತೋರಿಸಿಬಿಟ್ಟರಂತೆ. ಮಕ್ಕಳು ನಂಬಲಿಲ್ಲ. ಖರೇನೋ ಸುಳ್ಳೋ ನೋಡಲು ಸಾಲು ಹಚ್ಚಿ, ಒಬ್ಬೊಬ್ಬರೇ ಬಂದು ಕಿವಿಯ ಹತ್ತಿರ ಪಿಸುಗುಟ್ಟಿದವು. ಒಬ್ಬ ತಾನು ಸೀಮೆಸುಣ್ಣ ತಿಂದದ್ದನ್ನು ಹೇಳಿದ. ಇನ್ನೊಬ್ಬಳು ಮನೆಯ ಎಮ್ಮೆ ಕರು ಹಾಕಿದ್ದನ್ನು ಹೇಳಿದಳು. ಕೆಲವರದು ತಿಳಿಯಲಿಲ್ಲ, ಇನ್ನೊಮ್ಮೆ ಹೇಳು ಎಂದರೆ ಬೇಸರವಿಲ್ಲದೆ ಇನ್ನೊಮ್ಮೆ ಹೇಳಿದವು.

"ಪಾಠನೇ ಆಗಲಿಲ್ಲ ರೀ ಇವತ್ತ" ಎಂದರು ಟೀಚರು.